ಬ್ಯಾಂಕಿನವರು ಮಾಡಿಸಿದ ಇನ್ಶೂರೆನ್ಸ್‌ನಲ್ಲಿ ಯಾರ ಮಾಲು ಬರೆದಿದೆ?

ಪ್ರಶ್ನೆ: ಸರ್, ನಾವು ಬಳ್ಳಾರಿ ಕೌಲ್ ಬಜಾರ್ ಕಡೆಯವರು. ಸ್ವಂತ ಮನೆ. ಕೆಳಗೆ ನಾವಿದ್ದೇವೆ, ಮೇಲಿನ ಮಹಡಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್. ಹನ್ನೊಂದು ಮಷೀನು, ಒಂಬತ್ತು ಜನ ಕೆಲಸಕ್ಕೆ. ದಸರಾ-ದೀಪಾವಳಿ ಸೀಜನ್‌ನಲ್ಲಿ ಇನ್ನೂ ಮೂವರು ಬರುತ್ತಾರೆ. ಅರ್ಧ ಕೆಲಸ ಪಾರ್ಟಿಯವರ ಜಾಬ್‌ವರ್ಕ್. ಕಟಿಂಗ್ ಆದ ಬಟ್ಟೆ ಅವರೇ ಕೊಡುತ್ತಾರೆ, ನಮಗೆ ಪೀಸಿಗಿಷ್ಟು ಕೂಲಿ. ಇನ್ನರ್ಧ ನಮ್ಮದೇ ಮಾಲು. ಬ್ಯಾಂಕಿನಲ್ಲಿ ₹10 ಲಕ್ಷದ ಸಿಸಿ ಲೋನ್ ಇದೆ, ಅಂದರೆ ವ್ಯಾಪಾರಕ್ಕೆ ಬೇಕಾದಾಗ ತೆಗೆದು ಕಟ್ಟುವ ಸಾಲ. ಪ್ರತಿ ವರ್ಷ ಖಾತೆಯಿಂದ ಇನ್ಶೂರೆನ್ಸ್ ಅಂತ ದುಡ್ಡು ಕಟ್ ಆಗುತ್ತದೆ, ಪಾಲಿಸಿ ಕಾಗದ ಮಾತ್ರ ನಾವು ನೋಡಿಲ್ಲ.

ಮೊನ್ನೆ ನಮ್ಮ ಬೀದಿಯ ಒಬ್ಬ ಅಣ್ಣನ ಗೋಡೌನಿಗೆ ಬೆಂಕಿ ಬಿತ್ತು. ಒಳಗೆ ₹30 ಲಕ್ಷದ ಮಾಲಿತ್ತು, ಒಂದು ಬದಿ ಸುಟ್ಟು ₹10 ಲಕ್ಷ ನಷ್ಟ. ಪಾಲಿಸಿ ₹12 ಲಕ್ಷಕ್ಕಿತ್ತು, ಬಂದದ್ದು ₹3.9 ಲಕ್ಷ. ಹನ್ನೆರಡು ಲಕ್ಷಕ್ಕೆ ಮಾಡಿಸಿದವರಿಗೆ ಹತ್ತು ಲಕ್ಷ ಯಾಕೆ ಕೊಡಲಿಲ್ಲ? ಶಾರ್ಟ್ ಸರ್ಕ್ಯೂಟ್ ಆದರೆ ಕ್ಲೇಮ್ ಬರಲ್ಲ, ಲೈಸೆನ್ಸ್ ಇಲ್ಲದಿದ್ದರೆ ಬರಲ್ಲ ಅಂತೆಲ್ಲ ಮಾರ್ಕೆಟ್ಟಿನಲ್ಲಿ ಹೇಳುತ್ತಾರೆ.

ನಮ್ಮ ಯಜಮಾನರಿಗೆ 41. ಅವರ ಹೆಸರಲ್ಲಿ ಎರಡು ಎಂಡೋಮೆಂಟ್ ಪಾಲಿಸಿ, ಒಂದು 2012ರದ್ದು, ಒಂದು ಹೋದ ವರ್ಷದ್ದು, ಎರಡೂ ಸೇರಿ ₹6 ಲಕ್ಷ. ಆರೋಗ್ಯದ ಇನ್ಶೂರೆನ್ಸ್ ಯಾರಿಗೂ ಇಲ್ಲ, ನಮ್ಮದು ಎಪಿಎಲ್ ಕಾರ್ಡು. ಅತ್ತೆಗೆ ಶುಗರ್. ಹೋದ ವರ್ಷ ಕಟಿಂಗ್ ಮಷೀನಿನಲ್ಲಿ ಒಬ್ಬ ಹುಡುಗನ ಬೆರಳು ಹೋಯಿತು, ಆಸ್ಪತ್ರೆ ಖರ್ಚು ನಾವೇ ಕೊಟ್ಟೆವು. ಏಜೆಂಟ್ ಒಬ್ಬರು 'ಒಂದೇ ಪ್ಯಾಕೇಜಿನಲ್ಲಿ ಎಲ್ಲಾ ಕವರ್ ಮಾಡ್ತೀನಿ ಅಕ್ಕಾ' ಅನ್ನುತ್ತಾರೆ. ಈಗ ಕಟ್ಟುತ್ತಿರುವುದು ಬಿಟ್ಟು ವರ್ಷಕ್ಕೆ ₹40,000 ತೆಗೆದಿಡಬಹುದು. ಮೊದಲು ಯಾವುದು? ಆ ಅಣ್ಣನಿಗೆ ಇನ್ನೇನಾದರೂ ದಾರಿ ಇದೆಯಾ?

ಉತ್ತರ: ಮೊದಲು ಯಾವುದು ಎಂದು ಕೇಳಿದ್ದೀರಿ. ಆದರೆ ಪತ್ರದ ತುಂಬ ಇರುವುದು ಬೇರೆ ಅಳುಕು: ಕಟ್ಟಿದ್ದು ಕಷ್ಟಕಾಲಕ್ಕೆ ಕೈಗೆ ಬರುತ್ತದೋ ಇಲ್ಲವೋ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಪಾಲಿಸಿ ಮಾರುವವನಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಸುತ್ತ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸರ್ವೇಯರ್ ಆಗಿದ್ದೇನೆ. ಬೆಂಕಿ ಬಿದ್ದ ಕಡೆ, ನೀರು ನುಗ್ಗಿದ ಕಡೆ ಹೋಗಿ ಹಾನಿ ಎಷ್ಟು, ಪಾಲಿಸಿ ಪ್ರಕಾರ ಸಲ್ಲಬೇಕಾದ್ದು ಎಷ್ಟು ಎಂದು ವರದಿ ಬರೆಯುವ ಕೆಲಸ. ಜೀನ್ಸ್ ಯೂನಿಟ್ ಸುಟ್ಟಾಗ ಬಟ್ಟೆ ಉಳಿಯುವುದಿಲ್ಲ, ದಾರ ಉಳಿಯುವುದಿಲ್ಲ. ಪ್ಯಾಂಟಿನ ಲೋಹದ ಬಟನ್ನು, ಜಿಪ್ಪು, ರಿವೆಟ್ಟು ಉಳಿಯುತ್ತವೆ. ಒಂದು ಪ್ಯಾಂಟಿಗೆ ಸೊಂಟದ ಬಟನ್ ಒಂದೇ. ಬೂದಿ ಜರಡಿ ಹಿಡಿದು, ನೂರು ಬಟನ್ ಎಣಿಸಿ ತೂಕ ಹಾಕಿ, ಆಮೇಲೆ ಇಡೀ ರಾಶಿ ತೂಗಿ ಎಷ್ಟು ಪ್ಯಾಂಟು ಸುಟ್ಟವು ಎಂದು ಲೆಕ್ಕ ಹಿಡಿದದ್ದಿದೆ. ಮಾಲೀಕರು ಪಕ್ಕದಲ್ಲಿ ನಿಂತು 'ಇನ್ನೂ ಇದ್ದವು ಸಾರ್' ಅನ್ನುತ್ತಿರುತ್ತಾರೆ. ಇದ್ದಿರಬಹುದು. ಆದರೆ ನಿಜವಾಗಿ ದುಡ್ಡು ಕೈತಪ್ಪುವುದು ಆ ಬೂದಿಯಲ್ಲಿ ಅಲ್ಲ. ಪಾಲಿಸಿಯ ಮೊದಲ ಪುಟದಲ್ಲಿ ಮೂರು ಸಾಲುಗಳಿರುತ್ತವೆ: ಯಾರ ಮಾಲು, ಯಾವ ವಿಳಾಸದಲ್ಲಿ, ಎಷ್ಟು ಮೊತ್ತಕ್ಕೆ. ನಾನು ನೋಡಿದ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಮೂರು ಸಾಲುಗಳಲ್ಲೇ ಹುಟ್ಟಿದವು.

ನಿಮ್ಮ ಬೀದಿಯ ಅಣ್ಣನದು ಮೂರನೇ ಸಾಲಿನ ಕಥೆ. ಅವರ ಪಾಲಿಸಿ ನಾನು ನೋಡಿಲ್ಲ, ಆದರೆ ನೀವು ಕೊಟ್ಟ ಅಂಕಿಗಳೇ ಹೇಳುತ್ತವೆ. ₹30 ಲಕ್ಷದ ಮಾಲಿಗೆ ₹12 ಲಕ್ಷದ ಪಾಲಿಸಿ, ಅಂದರೆ ಶೇ. 40ಕ್ಕೆ ಮಾತ್ರ ಪ್ರೀಮಿಯಂ ಕಟ್ಟಿದ್ದಾರೆ. ಉಳಿದ ಶೇ. 60ಕ್ಕೆ ಅವರೇ ಇನ್ಶೂರೆನ್ಸ್ ಕಂಪನಿ ಎಂದು ಪಾಲಿಸಿ ಲೆಕ್ಕ ಹಾಕುತ್ತದೆ. ಹತ್ತು ಲಕ್ಷದ ನಷ್ಟದಲ್ಲಿ ಶೇ. 40 ಅಂದರೆ ನಾಲ್ಕು ಲಕ್ಷ. ಅದರಲ್ಲಿ ಎಕ್ಸೆಸ್ ಎಂಬ ಕಡಿತ ಹತ್ತು ಸಾವಿರ ಹೋದರೆ ₹3.9 ಲಕ್ಷ. ಇದಕ್ಕೆ 'ಆವರೇಜ್ ಕ್ಲಾಸ್' ಎನ್ನುತ್ತಾರೆ. ಹನ್ನೆರಡು ಲಕ್ಷಕ್ಕೆ ಮಾಡಿಸಿದ್ದೇನೆ, ಹನ್ನೆರಡರ ಒಳಗಿನ ನಷ್ಟವೆಲ್ಲ ಪೂರ್ತಿ ಬರುತ್ತದೆ ಎಂದು ವ್ಯಾಪಾರಸ್ಥರು ತಿಳಿದಿರುತ್ತಾರೆ. ಹಾಗೆ ಅರ್ಥವಾಗುವುದು ಸಹಜವೇ. ಮಾರುವಾಗ ಯಾರೂ ಬಿಡಿಸಿ ಹೇಳುವುದಿಲ್ಲ.

ಸಣ್ಣ ಉದ್ದಿಮೆಗಳಿಗೆಂದೇ 2021ರ ಏಪ್ರಿಲ್ 1ರಿಂದ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿ ಬಂದಿದೆ. ಒಂದು ಜಾಗದಲ್ಲಿ ಕಟ್ಟಡ, ಮಷೀನು, ಮಾಲು ಎಲ್ಲ ಸೇರಿ ₹5 ಕೋಟಿಯೊಳಗಿದ್ದರೆ ಇದೇ. ಯಾವ ಕಂಪನಿಯಲ್ಲಿ ಮಾಡಿಸಿದರೂ ಮೂಲ ಷರತ್ತು ಅದೇ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಗಲಭೆ ಎಲ್ಲ ಇದರೊಳಗೆ ಬರುತ್ತವೆ. ಇದರಲ್ಲಿ ಮೊತ್ತದ ಕೊರತೆ ಶೇ. 15ರ ಒಳಗಿದ್ದರೆ ಆವರೇಜ್ ಕಡಿತ ಹಾಕುವಂತಿಲ್ಲ. ಆ ಅಣ್ಣ ₹26 ಲಕ್ಷಕ್ಕೆ ಮಾಡಿಸಿದ್ದರೆ ಕೊರತೆ ಶೇ. 13 ಚಿಲ್ಲರೆ ಆಗುತ್ತಿತ್ತು, ಈ ಕಡಿತವೇ ಇರುತ್ತಿರಲಿಲ್ಲ. ಹೆಚ್ಚಿಗೆ ಕಟ್ಟಬೇಕಾಗಿದ್ದ ಪ್ರೀಮಿಯಂ ಕೆಲವು ಸಾವಿರ.

ಇನ್ನು ನಿಮ್ಮದು. ಬ್ಯಾಂಕು ಮಾಡಿಸಿದ ಪಾಲಿಸಿ ಬ್ಯಾಂಕಿನ ಸಾಲಕ್ಕೆ ಕಾವಲು. ಸಾಲ ಹತ್ತು ಲಕ್ಷವಾದರೆ ಪಾಲಿಸಿಯೂ ಹತ್ತು ಲಕ್ಷಕ್ಕೆ. ನಿಮ್ಮ ಹತ್ತಿರ ಒಟ್ಟು ಎಷ್ಟಿದೆ ಎಂದು ಬಹಳ ಶಾಖೆಗಳಲ್ಲಿ ಕೇಳುವುದಿಲ್ಲ. ಸಾಲ ಮಾಲಿನ ಮೇಲಿದ್ದರೆ ಪಾಲಿಸಿಯಲ್ಲಿ 'ಸ್ಟಾಕ್' ಅಂತಷ್ಟೇ ಇರುತ್ತದೆ. ಮಷೀನು ಇರುವುದಿಲ್ಲ, ಕಟ್ಟಡ ಇರುವುದಿಲ್ಲ. ಕ್ಲೇಮ್ ಹಣವೂ ಮೊದಲು ಸಾಲದ ಖಾತೆಗೇ ಜಮಾ. ಬ್ಯಾಂಕಿನ ತಪ್ಪು ಎಂದು ನಾನು ಹೇಳುತ್ತಿಲ್ಲ. ತನ್ನ ದುಡ್ಡು ತಾನು ನೋಡಿಕೊಂಡಿದೆ, ನಿಮ್ಮದನ್ನು ನೀವು ನೋಡಿಕೊಳ್ಳಬೇಕಾಗಿತ್ತು. ಈ ವಾರವೇ ಶಾಖೆಗೆ ಹೋಗಿ ಪಾಲಿಸಿ ಪ್ರತಿ ಕೇಳಿ ಇಸಿದುಕೊಳ್ಳಿ. ಪ್ರೀಮಿಯಂ ನಿಮ್ಮದು, ಪ್ರತಿ ಕೇಳುವುದು ನಿಮ್ಮ ಹಕ್ಕು.

ಅದು ಕೈಗೆ ಬಂದ ಮೇಲೆ ಮೊದಲ ಸಾಲು ನೋಡಿ, ಯಾರ ಮಾಲು? ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇದರದ್ದೇ. ಜಾಬ್‌ವರ್ಕಿಗೆ ಬಂದ ಬಂಡಲ್ ನಿಮ್ಮ ಮಹಡಿಯಲ್ಲಿದೆ, ಆದರೆ ನಿಮ್ಮದಲ್ಲ. 'ಓನ್ ಸ್ಟಾಕ್' ಎಂದು ಬರೆದ ಪಾಲಿಸಿಯಲ್ಲಿ ಅದಕ್ಕೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಹಿಂದೊಮ್ಮೆ ಇಂಥದೇ ಒಂದು ಯೂನಿಟ್ಟಿನ ಸರ್ವೆಗೆ ಹೋಗಿದ್ದೆ. ಸುಟ್ಟ ಮಾಲಿನಲ್ಲಿ ಮುಕ್ಕಾಲು ಪಾಲು ಪಾರ್ಟಿಯವರದು. ನನ್ನ ವರದಿಯಲ್ಲಿ ಅಷ್ಟನ್ನೂ ತೆಗೆದು ಬರೆಯಬೇಕಾಯಿತು, ಬೇರೆ ದಾರಿಯೇ ಇರಲಿಲ್ಲ. ಅತ್ತ ಪಾರ್ಟಿ ತನ್ನ ಬಟ್ಟೆ ದುಡ್ಡಿಗೆ ಮನೆ ಬಾಗಿಲಿಗೆ ಬಂದು ಕೂತಿತ್ತು. ಆ ಮನುಷ್ಯ ಎರಡು ವರ್ಷ ಕೂಲಿಯಲ್ಲಿ ಮುರಿಸಿಕೊಂಡು ತೀರಿಸಿದ. ಆದ್ದರಿಂದ ಪಾಲಿಸಿಯಲ್ಲಿ 'ಗೂಡ್ಸ್ ಹೆಲ್ಡ್ ಇನ್ ಟ್ರಸ್ಟ್' ಎಂಬ ಪದ ಸೇರಿಸಿ, ಅಂದರೆ ಪರರದ್ದಾಗಿ ನಮ್ಮ ವಶದಲ್ಲಿರುವ ಮಾಲು ಎಂದು, ಅದಕ್ಕೆ ಬೇರೆಯಾಗಿ ಮೊತ್ತ ಬರೆಸಿ. ಪಾರ್ಟಿಯವರಿಗೆ ಅವರದೇ ಪಾಲಿಸಿ ಇದೆಯಾ ಎಂದೂ ಕೇಳಿ. ಇದ್ದರೂ ನೆಮ್ಮದಿಯಿಂದ ಕೂರುವಂತಿಲ್ಲ. ಅವರಿಗೆ ದುಡ್ಡು ಕೊಟ್ಟ ಕಂಪನಿ, ಬೆಂಕಿ ನಿಮ್ಮ ನಿರ್ಲಕ್ಷ್ಯದಿಂದ ಬಿತ್ತು ಎಂದು ಕಂಡರೆ, ಅದನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದು.

ಎರಡನೇದು ವಿಳಾಸ. ಪಾಲಿಸಿಯಲ್ಲಿ ಹಳೇ ಬಾಡಿಗೆ ಅಂಗಡಿಯ ಬಾಗಿಲ ನಂಬರ್ ಉಳಿದುಕೊಂಡದ್ದು ನೋಡಿದ್ದೇನೆ. ಯೂನಿಟ್ ಸ್ಥಳಾಂತರವಾಗಿ ನಾಲ್ಕು ವರ್ಷವಾಗಿತ್ತು. ಕಾರಟಗಿ ಕಡೆಯ ಒಂದು ರೈಸ್ ಮಿಲ್ಲಿನ ಪಾಲಿಸಿಯಲ್ಲಿ 'ಗೋಡೌನಿನೊಳಗಿನ ಭತ್ತ' ಎಂದಿತ್ತು. ಸುಗ್ಗಿ ಜೋರಿತ್ತು, ಗೋಡೌನು ತುಂಬಿ ಅಂಗಳದಲ್ಲಿ ತಾಡಪಾಲು ಹೊದಿಸಿ ಚೀಲ ಒಟ್ಟಿದ್ದರು. ಹಾಳಾದದ್ದು ಅಂಗಳದ್ದು. ಮುಂದಿನದು ನೀವೇ ಊಹಿಸಿಕೊಳ್ಳಿ. ನಿಮ್ಮ ಮಾಲು ಹೊಲಿಗೆಯಾದ ಮೇಲೆ ವಾಷಿಂಗ್ ಯೂನಿಟ್ಟಿಗೆ ಹೋಗಿ ನಾಲ್ಕೈದು ದಿನ ಅಲ್ಲಿರುತ್ತದಲ್ಲ, ಆ ವಿಳಾಸವನ್ನೂ ಪಾಲಿಸಿಯಲ್ಲಿ ಹಾಕಿಸಿ. ವ್ಯವಹಾರದ ಹೆಸರೂ ಸರಿಯಿರಲಿ. ಹೊಲಿಗೆ ಯೂನಿಟ್ಟನ್ನು 'ಬಟ್ಟೆ ಅಂಗಡಿ' ಎಂದು ಬರೆಸಿದರೆ ಪ್ರೀಮಿಯಂ ಸ್ವಲ್ಪ ಕಡಿಮೆ ಬೀಳಬಹುದು, ಕ್ಲೇಮ್ ದಿನ ಆ ಸುಳ್ಳೇ ಎದುರು ಬಂದು ನಿಲ್ಲುತ್ತದೆ. ಮೇಲೆ ಯೂನಿಟ್ ಇರುವ ಮನೆಗೆ ಬರೀ ಮನೆಯ ಪಾಲಿಸಿ ಮಾಡಿಸಿ 'ಪೂರಾ ಬಿಲ್ಡಿಂಗ್ ಕವರ್' ಎಂದರೂ ಅದೇ ಗತಿ.

ಮೂರನೇದು ಮೊತ್ತ. ಇದನ್ನು ಸೀಜನ್ ತುಂಬಿದಾಗಿನ ಮಾಲಿಗೆ ಹಾಕಬೇಕು, ಆಷಾಢದ ಖಾಲಿ ಕಪಾಟಿಗಲ್ಲ. ನಿಮ್ಮ ಮಾಲು, ಪಾರ್ಟಿ ಮಾಲು, ಮಷೀನು, ಕಟ್ಟಡ ನಾಲ್ಕಕ್ಕೂ ಬೇರೆ ಬೇರೆ ಮೊತ್ತ. ಮಷೀನಿಗೆ ಇವತ್ತು ಹೊಸದು ತರಲು ಬೇಕಾಗುವ ದರ ಹಾಕಿ. ಕಟ್ಟಡಕ್ಕೆ ಕಟ್ಟುವ ಖರ್ಚು ಮಾತ್ರ, ಜಾಗದ ಬೆಲೆ ಬೇಡ, ಜಾಗ ಸುಡುವುದಿಲ್ಲ. ಮಾಲಿಗೆ ನಿಮಗೆ ಬಿದ್ದ ಅಸಲು, ಲಾಭ ಸೇರುವುದಿಲ್ಲ.

ಈಗ ಮಾರ್ಕೆಟ್ಟಿನ ಮಾತುಗಳಿಗೆ ಬರೋಣ. ಶಾರ್ಟ್ ಸರ್ಕ್ಯೂಟ್ ಆದರೆ ಕ್ಲೇಮ್ ಇಲ್ಲ ಎಂಬುದು ಅರ್ಧ ತಿಳಿದವರ ಮಾತು. ಓವರ್‌ಲೋಡ್ ಆಗಿ ಮೋಟಾರು ತನ್ನಷ್ಟಕ್ಕೆ ತಾನೇ ಸುಟ್ಟರೆ ಆ ಮೋಟಾರಿಗೆ ದುಡ್ಡಿಲ್ಲ, ಅದು ನಿಜ. ಆದರೆ ಅಲ್ಲಿಂದ ಕಿಡಿ ಹಾರಿ ಪಕ್ಕದ ಬಂಡಲ್ಲಿಗೆ ಹತ್ತಿ ಮಹಡಿ ಸುಟ್ಟರೆ, ಆ ಒಂದು ಮೋಟಾರು ಬಿಟ್ಟು ಉಳಿದದ್ದಕ್ಕೆಲ್ಲ ಪರಿಹಾರ ಇದೆ. ಬಳ್ಳಾರಿ ಬೇಸಿಗೆಯಲ್ಲಿ ಓಡುವ ಫ್ಯಾನು, ಮಷೀನು, ಇಸ್ತ್ರಿ ಎಲ್ಲ ಒಂದೇ ಹಳೇ ವೈರಿನ ಮೇಲೆ, ನೆಲದ ತುಂಬ ಡೆನಿಮ್ಮಿನ ನೀಲಿ ಧೂಳು. ನಾನು ನೋಡಿದ ಬೆಂಕಿಗಳಲ್ಲಿ ಬಹಳಷ್ಟು ಕರೆಂಟಿನವೇ. ಅದಕ್ಕೇ ಪರಿಹಾರ ಇಲ್ಲ ಎಂದಿದ್ದರೆ ಈ ಪಾಲಿಸಿಯನ್ನು ಯಾರು ತಾನೇ ಕೊಳ್ಳುತ್ತಿದ್ದರು?

ಲೈಸೆನ್ಸ್ ವಿಷಯ ಅಷ್ಟು ಸರಳವಿಲ್ಲ. ಒಂದು ಕಾಗದ ಇಲ್ಲ ಎಂದ ಮಾತ್ರಕ್ಕೆ ಕ್ಲೇಮ್ ತಾನಾಗಿ ಬಿದ್ದುಹೋಗುವುದಿಲ್ಲ. ದಾಖಲೆ ಕೊರತೆಯ ನೆಪದಲ್ಲಿ ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರಲ್ಲಿ ಕಂಪನಿಗಳಿಗೆ ತಾಕೀತು ಮಾಡಿದೆ. ಆದರೂ ಮನೆ ಮೀಟರಿನಲ್ಲಿ ಹನ್ನೊಂದು ಮಷೀನು ಓಡಿಸುತ್ತಿದ್ದರೆ ಜೆಸ್ಕಾಂಗೆ ಹೋಗಿ ಸರಿಯಾದ ಸಂಪರ್ಕ ಪಡೆಯಿರಿ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಉದ್ಯಮ್ ನೋಂದಣಿ ಮಾಡಿಸಿ. ಬೆಂಕಿ ಬಿದ್ದ ಮೇಲೆ ವಾದ ಮಾಡುವುದಕ್ಕಿಂತ ಇದು ಅಗ್ಗ.

ಇನ್ನೊಂದು ರೂಢಿ ಮಾಡಿಕೊಳ್ಳಿ. ಸ್ಟಾಕ್ ರಿಜಿಸ್ಟರ್ ಮೇಲಿನ ಮಹಡಿಯಲ್ಲೇ ಇದ್ದರೆ ಮಾಲಿನ ಜೊತೆ ಅದೂ ಬೂದಿ. ಜಾಬ್‌ವರ್ಕ್ ಚಲನ್ ಬಂದ ತಕ್ಷಣ ಫೋಟೋ ತೆಗೆದು ವಾಟ್ಸಾಪಿನಲ್ಲಿ ಯಜಮಾನರಿಗೆ ಕಳಿಸಿ. ತಿಂಗಳಿಗೊಮ್ಮೆ ಬಾಗಿಲಿಂದ ಶುರು ಮಾಡಿ ಇಡೀ ಯೂನಿಟ್ಟಿನ ಎರಡು ನಿಮಿಷದ ವಿಡಿಯೋ ಮಾಡಿಡಿ. ನನ್ನಂಥ ಸರ್ವೇಯರಿಗೆ ಆ ವಿಡಿಯೋ ಸಿಕ್ಕರೆ ಬಟನ್ ಎಣಿಸುವ ಕೆಲಸವೇ ತಪ್ಪುತ್ತದೆ.

ಕಳ್ಳತನ ಈ ಬೆಂಕಿ ಪಾಲಿಸಿಯಲ್ಲಿ ಇಲ್ಲ. ಬೆಂಕಿ-ಪ್ರವಾಹದಂಥ ಅವಘಡವಾದ ಏಳು ದಿನದೊಳಗೆ ಆದ ಕಳ್ಳತನ ಮಾತ್ರ ಸೇರುತ್ತದೆ. ಉಳಿದದ್ದಕ್ಕೆ ಬರ್ಗ್ಲರಿ ಪಾಲಿಸಿ ಬೇರೆ. ಅದರಲ್ಲೂ ಬೀಗ, ಕಿಟಕಿ, ಬಾಗಿಲು ಮುರಿದ ಗುರುತು ಬೇಕು. ಸಿಡಿಬಂಡಿಗೆಂದು ಯೂನಿಟ್ ಮುಚ್ಚಿ ಹೋದಾಗ ಕೀ ಇದ್ದವರೇ ತೆಗೆದು ಒಯ್ದರೆ ಸಾಮಾನ್ಯ ಬರ್ಗ್ಲರಿಯಲ್ಲಿ ಸಿಗುವುದಿಲ್ಲ. ಸಾಗಾಟದಲ್ಲಿ ಹಾಳಾಗುವ ಮಾಲಿಗೆ ಇರುವ ಪಾಲಿಸಿಯ ಹೆಸರು 'ಮೆರೈನ್'. ಸಮುದ್ರವೇ ಕಾಣದ ಬಳ್ಳಾರಿಯಲ್ಲಿ ಟಾಟಾ ಏಸ್‌ನಲ್ಲಿ ಹೋಗುವ ಪ್ಯಾಂಟಿಗೂ ಅದೇ ಹೆಸರು! ನಿಮ್ಮ ಮಾಲು ಊರೊಳಗೇ ಓಡಾಡುತ್ತಿದ್ದರೆ ಸದ್ಯಕ್ಕೆ ಬೇಡ. ಮುಂಬೈ, ಹೈದರಾಬಾದಿಗೆ ನೀವೇ ಕಳಿಸಲು ಶುರು ಮಾಡಿದ ದಿನ ಯೋಚಿಸಿ.

ಪ್ರವಾಹ ನಮಗೇಕೆ ಎನ್ನುವವರಿಗೆ ಒಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋಯಿತಲ್ಲ, ಮರುದಿನ ಬೆಳಿಗ್ಗೆಯಿಂದ ಗಂಗಾವತಿ, ಕಂಪ್ಲಿ ಕಡೆಯಿಂದ ನನಗೆ ಫೋನು: 'ಇವತ್ತು ಪಾಲಿಸಿ ಮಾಡಿಸಿದ್ರೆ ನಡೀತದಾ ಸಾರ್?' ಪ್ರೀಮಿಯಂ ಮುಂಗಡ ಜಮಾ ಆಗುವ ತನಕ ಕಂಪನಿಯ ಹೊಣೆ ಶುರುವಾಗುವುದಿಲ್ಲ ಎಂಬುದು ವಿಮಾ ಕಾಯ್ದೆಯ 64ವಿಬಿ ಕಲಮು. ನೀರು ಬಾಗಿಲಿಗೆ ಬಂದಾಗ ಯಾವ ಕಂಪನಿಯೂ ಪಾಲಿಸಿ ಕೊಡುವುದಿಲ್ಲ. ನಿಮ್ಮ ಹಳೇ ಪಾಲಿಸಿ ನವೀಕರಣಕ್ಕೂ ಇದೇ ಕಲಮು. ಬ್ಯಾಂಕು ಕಟ್ಟಿರುತ್ತದೆ ಎಂದು ಸುಮ್ಮನಿರಬೇಡಿ, ಪಾಸ್‌ಬುಕ್ ತೆಗೆದು ಈ ವರ್ಷ ನಿಜವಾಗಿ ಕಟ್ ಆಗಿದೆಯಾ ನೋಡಿ.

ಆ ಹುಡುಗನ ಬೆರಳಿನ ವಿಷಯವನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಲೆಕ್ಕದಲ್ಲಿ ಬೆಂಕಿಯಷ್ಟೇ ದೊಡ್ಡದು ಇದು. ಕೆಲಸದ ವೇಳೆ ಅಪಘಾತವಾದರೆ ಮಾಲೀಕರು ಪರಿಹಾರ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಆಸ್ಪತ್ರೆ ಖರ್ಚು ಕೊಟ್ಟ ಕೂಡಲೇ ಅದು ತೀರುವುದಿಲ್ಲ. ಪೀಸ್ ರೇಟಿನವರು, ನೌಕರರಲ್ಲ ಎಂಬ ವಾದವೂ ನಿಲ್ಲುವುದಿಲ್ಲ. 1923ರಿಂದ ಬಂದು, 2025ರ ನವೆಂಬರ್‌ನಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದ ನೌಕರರ ಪರಿಹಾರ ಕಾಯ್ದೆಯ ಸೂತ್ರ ನೋಡಿ: ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಗುಣಾಂಕದಿಂದ ಗುಣಿಸಬೇಕು. ಮೂವತ್ತು ವರ್ಷದವನಿಗೆ ಗುಣಾಂಕ 207.98. ಕೂಲಿ ₹15,000 ಎಂದು ಹಿಡಿದರೆ ₹7,500 ಗುಣಿಸು 207.98, ಅಂದರೆ ₹15,59,850. ನಿಮ್ಮ ಸಿಸಿ ಲೋನಿಗಿಂತ ದೊಡ್ಡ ಮೊತ್ತ.

ಇಲ್ಲಿ ಎರಡು ದಾರಿ ಇವೆ, ಯಾವುದೆಂದು ತಲೆ ಎಣಿಸಿ ತಿಳಿಯಬೇಕು. ಹತ್ತು ಅಥವಾ ಹೆಚ್ಚು ಜನ ಇದ್ದರೆ ಇಎಸ್‌ಐ, ಅಂದರೆ ಸರ್ಕಾರದ ನೌಕರರ ವಿಮಾ ಯೋಜನೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಒಂದು ದಿನ ಹತ್ತು ಜನ ಇದ್ದರೂ ಸಾಕು ಎಂಬುದು 2025ರ ನವೆಂಬರ್ ತನಕ ಇದ್ದ ಇಎಸ್‌ಐ ಕಾಯ್ದೆಯ ಲೆಕ್ಕವಾಗಿತ್ತು. ಸೀಜನ್‌ನಲ್ಲಿ ನಿಮ್ಮದು ಹನ್ನೆರಡು! ಒಮ್ಮೆ ಒಳಗೆ ಬಂದರೆ ಆಮೇಲೆ ಜನ ಕಡಿಮೆಯಾದರೂ ಹೊರಗೆ ಬರಲಾಗುವುದಿಲ್ಲ. ₹21,000ದೊಳಗಿನ ಕೂಲಿಯವರಿಗೆ ಮಾಲೀಕರದು ಶೇ. 3.25, ನೌಕರರದು ಶೇ. 0.75. ಕಟ್ಟುವಾಗ ಹೊರೆ ಅನಿಸುತ್ತದೆ. ಆದರೆ ಅಪಘಾತದ ಪರಿಹಾರ ಇಎಸ್‌ಐ ಮೇಲೆ ಹೋಗುತ್ತದೆ, ಅವರ ಮನೆಮಂದಿಗೂ ಚಿಕಿತ್ಸೆ ಸಿಗುತ್ತದೆ. ಕದ್ದುಮುಚ್ಚಿ ಒಂಬತ್ತೇ ತೋರಿಸಿ ಎಂದು ಸಲಹೆ ಕೊಡುವವರು ಸಿಗುತ್ತಾರೆ; ಹತ್ತನೆಯವನ ಕೈ ಮಷೀನಿಗೆ ಸಿಕ್ಕ ದಿನ ಆ ಸಲಹೆಗಾರರು ಇರುವುದಿಲ್ಲ. ನಿಜವಾಗಿಯೂ ಹತ್ತರ ಒಳಗಿದ್ದರೆ ನೌಕರರ ಪರಿಹಾರ ಪಾಲಿಸಿ ಸಿಗುತ್ತದೆ, ಜನ ಇನ್ನೂ 'ವರ್ಕ್‌ಮೆನ್ ಪಾಲಿಸಿ' ಅನ್ನುತ್ತಾರೆ. ನಿಮ್ಮ ಅಕೌಂಟೆಂಟ್ ಜೊತೆ ಕೂತು ಈ ಲೆಕ್ಕ ಮೊದಲು ಬಿಡಿಸಿಕೊಳ್ಳಿ.

ಯಜಮಾನರ ಜೀವವಿಮೆಗೆ ಬರುತ್ತೇನೆ. ಹತ್ತು ಲಕ್ಷ ಸಾಲ ಇರುವ ಮನೆಗೆ ₹6 ಲಕ್ಷದ ಪಾಲಿಸಿ. ನಾಳೆ ಏನಾದರೂ ಆದರೆ ಸಾಲವೂ ತೀರುವುದಿಲ್ಲ. ಬೇಕಾದದ್ದು ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ಸಾವಾದರೆ ಮಾತ್ರ ಮನೆಯವರಿಗೆ ದುಡ್ಡು ಕೊಡುವ ಜೀವವಿಮೆ. 'ಟರ್ಮ್ ಪಾಲಿಸಿಯಲ್ಲಿ ಬದುಕಿದ್ದರೆ ದುಡ್ಡು ವಾಪಸ್ ಬರಲ್ಲ, ದಂಡ' ಎನ್ನುತ್ತಾರೆ ಜನ. ಸ್ಕೂಟರಿನ ಇನ್ಶೂರೆನ್ಸೂ ವಾಪಸ್ ಬರುವುದಿಲ್ಲ, ಅದನ್ನು ಯಾರೂ ದಂಡ ಎನ್ನುವುದಿಲ್ಲ. ಎಂಡೋಮೆಂಟಿನಲ್ಲಿ ನೀವು ಕಟ್ಟುವುದರಲ್ಲಿ ಬಹುಪಾಲು ಉಳಿತಾಯಕ್ಕೆ ಹೋಗುತ್ತದೆ, ಜೀವದ ರಕ್ಷಣೆಗೆ ಹೋಗುವುದು ಸಣ್ಣ ಪಾಲು. ಅದಕ್ಕೇ ಅಷ್ಟು ಕಟ್ಟಿದರೂ ಆರೇ ಲಕ್ಷ. ನಾನು ಲೆಕ್ಕ ಹಾಕಿ ನೋಡಿದ ಎಂಡೋಮೆಂಟುಗಳಲ್ಲಿ ಉಳಿತಾಯದ ಗಳಿಕೆಯೂ ಸಾಮಾನ್ಯವಾಗಿ ಶೇ. 5ರ ಆಸುಪಾಸು.

2012ರ ಪಾಲಿಸಿ ಮುಟ್ಟಬೇಡಿ, ಅದು ದಡದ ಹತ್ತಿರ ಬಂದಿದೆ. ಹೋದ ವರ್ಷದ್ದನ್ನು ಈಗ ನಿಲ್ಲಿಸಿದರೆ ಎಷ್ಟು ಕೈಗೆ ಬರುತ್ತದೆ, ಮುಂದುವರಿಸಿದರೆ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ, ಆಮೇಲೆ ತೀರ್ಮಾನಿಸಿ. ಹೊಸ ಟರ್ಮ್ ಪಾಲಿಸಿ ಕೈಗೆ ಬರುವ ತನಕ ಹಳೆಯದನ್ನು ನಿಲ್ಲಿಸಲೇಬೇಡಿ.

ಟರ್ಮ್ ತೆಗೆದುಕೊಳ್ಳುವಾಗ ಅರ್ಜಿಯನ್ನು ನೀವೇ ಓದಿ ತುಂಬಿ. ಯಜಮಾನರು ಗುಟ್ಕಾ, ಜರ್ದಾ ಹಾಕುತ್ತಾರಾ? ಸಿಗರೇಟು ಸೇದುವುದಿಲ್ಲವಲ್ಲ ಎಂದು ತಂಬಾಕಿನ ಕಾಲಮ್ಮಿನಲ್ಲಿ 'ಇಲ್ಲ' ಎಂದು ಏಜೆಂಟರೇ ಗೀಚಿಬಿಡುತ್ತಾರೆ. ಬಾಯಲ್ಲಿ ಹಾಕುವುದೂ ತಂಬಾಕೇ. ಮೂರು ವರ್ಷ ದಾಟಿದ ಜೀವವಿಮೆ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ ಎಂದು ವಿಮಾ ಕಾಯ್ದೆಯ 45ನೇ ಕಲಮು ಹೇಳುತ್ತದೆ. ಆದರೆ ಆ ಮೂರು ವರ್ಷದೊಳಗೇ ಏನಾದರೂ ಆದರೆ ಒಂದು ಸುಳ್ಳು ಟಿಕ್ಕು ಸಾಕು. ದೊಡ್ಡ ಮೊತ್ತಕ್ಕೆ ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ. ಸಲ್ಲಿಸುವ ಅಭ್ಯಾಸ ಇಲ್ಲದಿದ್ದರೆ ಈ ವರ್ಷದಿಂದ ಶುರು ಮಾಡಿ.

ಸಾಲ ಇರುವ ವ್ಯಾಪಾರಸ್ಥರ ಮನೆಯವರಿಗೆ ಇನ್ನೊಂದು ವಿಷಯ ಹೇಳಬೇಕು. ಏಜೆಂಟರು ಯಾಕೋ ಇದನ್ನು ಬಾಯಿ ಬಿಡುವುದಿಲ್ಲ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪಾಲಿಸಿ ತೆಗೆದುಕೊಂಡರೆ ಆ ಹಣ ಹೆಂಡತಿ-ಮಕ್ಕಳದ್ದು. ಗಂಡನಿಗೆ ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ. ಕಂಪನಿಯವರು ಇದನ್ನು 'ಎಂಡಬ್ಲ್ಯುಪಿ' ಎನ್ನುತ್ತಾರೆ. ಪಾಲಿಸಿ ತೆಗೆದುಕೊಳ್ಳುವ ದಿನವೇ ಆ ಅರ್ಜಿ ತುಂಬಬೇಕು, ಆಮೇಲೆ ಸೇರಿಸಲಾಗುವುದಿಲ್ಲ.

ಆರೋಗ್ಯಕ್ಕೆ ಎಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಪ್ಯಾಕೇಜ್ ದರದ ಶೇ. 30 ಸಿಗುತ್ತದೆ, ವರ್ಷಕ್ಕೆ ಕುಟುಂಬಕ್ಕೆ ₹1.5 ಲಕ್ಷದವರೆಗೆ. ₹5 ಲಕ್ಷದ್ದು ಬಿಪಿಎಲ್‌ನವರಿಗೆ. ಕಾರ್ಡಂತೂ ಮಾಡಿಸಿಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ನೀವಿಬ್ಬರು, ಮಕ್ಕಳು ಸೇರಿ ಒಂದು ಫ್ಯಾಮಿಲಿ ಫ್ಲೋಟರ್, ಅಂದರೆ ಎಲ್ಲರಿಗೂ ಸೇರಿ ಒಂದೇ ಮೊತ್ತದ ಆರೋಗ್ಯ ಪಾಲಿಸಿ ತೆಗೆದುಕೊಳ್ಳಿ. ಅತ್ತೆಯವರನ್ನು ಅದರಲ್ಲಿ ಸೇರಿಸಬೇಡಿ. ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ ಪ್ರೀಮಿಯಂ ನಿರ್ಧಾರವಾಗುತ್ತದೆ, ಎಲ್ಲರದ್ದೂ ಏರುತ್ತದೆ. ಅವರಿಗೆ ಬೇರೆ ಪಾಲಿಸಿ. ಶುಗರ್ ಇದೆ ಎಂದು ಬರೆದರೆ ಕೊಡುವುದಿಲ್ಲ ಎಂಬ ಭಯದಿಂದ ಮುಚ್ಚಿಡುವುದು ಬೇಡ. ಈಗಿನ ನಿಯಮದಲ್ಲಿ ಹಳೇ ಕಾಯಿಲೆಗೆ ಕಾಯಿಸುವ ಅವಧಿ ಮೂರು ವರ್ಷ ಮೀರುವಂತಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗುತ್ತದೆ.

ನಮ್ಮ ಕಡೆಯವರು ಎಡವುವ ಒಂದು ಜಾಗ ಇದೆ. ಕೆಲವು ಪಾಲಿಸಿಗಳಲ್ಲಿ ಊರುಗಳನ್ನು ವಲಯಗಳಾಗಿ ಮಾಡಿರುತ್ತಾರೆ. ಬಳ್ಳಾರಿ ವಿಳಾಸಕ್ಕೆ ಪ್ರೀಮಿಯಂ ಕಡಿಮೆ, ಖುಷಿಯಾಗುತ್ತದೆ. ಆದರೆ ದೊಡ್ಡ ಕಾಯಿಲೆ ಬಂದರೆ ನಾವು ಹೋಗುವುದು ಬೆಂಗಳೂರಿಗೆ, ರಾಯಚೂರಿನವರು ಹೈದರಾಬಾದಿಗೆ. ಅಲ್ಲಿ ಬಿಲ್ಲಿನ ಒಂದು ಪಾಲು ನೀವೇ ಕೊಡಬೇಕೆಂಬ ಷರತ್ತು ಒಳಪುಟದಲ್ಲಿ ಇರುತ್ತದೆ. ರೂಮ್ ಬಾಡಿಗೆ ಮಿತಿಯೂ ಹಾಗೆಯೇ. ದಿನಕ್ಕೆ ₹3,000 ಮಿತಿ ಇದ್ದು ₹6,000ದ ರೂಮು ಹಿಡಿದರೆ ಬಾಡಿಗೆಯಲ್ಲಷ್ಟೇ ಕಡಿತವಲ್ಲ, ಡಾಕ್ಟರ ಫೀಸು, ಆಪರೇಷನ್ ಖರ್ಚಿನಲ್ಲೂ ಅರ್ಧಕ್ಕರ್ಧ ಹೋಗಬಹುದು. ಈ ಎರಡೂ ಇಲ್ಲದ ಪಾಲಿಸಿ ಕೇಳಿ, ಸ್ವಲ್ಪ ಹೆಚ್ಚಾದರೂ ಸರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವವಿಮೆಗೆ ಜಿಎಸ್‌ಟಿ ಇಲ್ಲ, ಮೊದಲು ಶೇ. 18 ಇತ್ತು. ಯೂನಿಟ್ಟಿನ ಬೆಂಕಿ ಪಾಲಿಸಿಗೆ ಆ ವಿನಾಯಿತಿ ಇಲ್ಲ.

ಸ್ಕೂಟರಿಗೆ ಥರ್ಡ್ ಪಾರ್ಟಿ ಕಡ್ಡಾಯ, ತಪ್ಪಿಸಬೇಡಿ. ಬ್ಯಾಂಕ್ ಖಾತೆಯಿಂದಲೇ ಕಟ್ಟುವ ಪ್ರಧಾನಮಂತ್ರಿ ವಿಮೆಗಳು ಎರಡಿವೆ, ವರ್ಷಕ್ಕೆ ಪಿಎಂಎಸ್‌ಬಿವೈ ₹20, ಪಿಎಂಜೆಜೆಬಿವೈ ₹436. ಮೊದಲನೆಯದರಲ್ಲಿ ಅಪಘಾತದಿಂದ ಸಾವಾದರೆ, ಎರಡನೆಯದರಲ್ಲಿ ಯಾವ ಕಾರಣದಿಂದ ಸಾವಾದರೂ ₹2 ಲಕ್ಷ. ಶುರುವಿನ ಒಂದು ತಿಂಗಳು ಎರಡನೆಯದರಲ್ಲಿ ಅಪಘಾತ ಬಿಟ್ಟು ಬೇರೆ ಸಾವಿಗೆ ಸಿಗುವುದಿಲ್ಲ. ವರ್ಷ ಜೂನ್ 1ಕ್ಕೆ ಶುರು, ಮೇ ಕೊನೆಗೆ ಖಾತೆಯಲ್ಲಿ ಅಷ್ಟು ದುಡ್ಡಿರಲಿ. ಕೆಲಸದವರಿಗೂ ಮಾಡಿಸಿ, ಆದರೆ ಅದರಿಂದ ನಿಮ್ಮ ಹೊಣೆ ತೀರಿತು ಎಂದುಕೊಳ್ಳಬೇಡಿ.

ಏಜೆಂಟರ 'ಒಂದೇ ಪ್ಯಾಕೇಜ್' ಇದೆಯಲ್ಲ, ಅಂಗಡಿಯವರಿಗೆ ಅಂಥ ಪ್ಯಾಕೇಜು ನಿಜವಾಗಿ ಇವೆ. ಬೆಂಕಿ, ಕಳವು, ಗಲ್ಲಾಪೆಟ್ಟಿಗೆಯ ನಗದು ಒಂದರಲ್ಲೇ ಬರುತ್ತವೆ. ಜೀವವಿಮೆ ಅದರಲ್ಲಿ ಬರುವುದಿಲ್ಲ, ನಿಮ್ಮ ಇಎಸ್‌ಐ ಬರುವುದಿಲ್ಲ. ಪ್ರತಿ ವಿಭಾಗಕ್ಕೂ ಎಷ್ಟು ಮೊತ್ತ, ಪಾರ್ಟಿ ಮಾಲು ಎಲ್ಲಿ ಬರೆದಿದೆ ಎಂದು ಕೇಳಿ ನೋಡಿ. ಅವರು ಉತ್ತರ ಕೊಡುವ ರೀತಿಯಲ್ಲೇ ಮನುಷ್ಯ ಗೊತ್ತಾಗುತ್ತಾರೆ.

ನಿಮ್ಮ ₹40,000ದಲ್ಲಿ ನಾನಾಗಿದ್ದರೆ ಮೊದಲು ಬೆಂಕಿ ಪಾಲಿಸಿ ಸರಿಪಡಿಸುತ್ತೇನೆ, ಯಾಕೆಂದರೆ ಅದಕ್ಕೆ ಬೇಕಾದದ್ದು ಕಡಿಮೆ ದುಡ್ಡು, ತಪ್ಪಿದರೆ ಹೋಗುವುದು ಮನೆ, ಯೂನಿಟ್ಟು ಎರಡೂ. ಆಮೇಲೆ ಯಜಮಾನರ ಟರ್ಮ್, ಸಾಲಕ್ಕಿಂತ ಕನಿಷ್ಠ ಐದು ಪಟ್ಟಾದರೂ ಇರಲಿ. ಉಳಿದದ್ದರಲ್ಲಿ ನಿಮ್ಮಿಬ್ಬರ, ಮಕ್ಕಳ ಫ್ಲೋಟರ್, ಸದ್ಯ ₹5 ಲಕ್ಷದ್ದಾದರೂ ಸಾಕು. ಅತ್ತೆಯವರ ಪಾಲಿಸಿ ಈ ವರ್ಷ ಬಜೆಟ್ಟಿಗೆ ಕೂರುವುದು ಕಷ್ಟ. ಅವರ ಹೆಸರಲ್ಲಿ ಬ್ಯಾಂಕಿನಲ್ಲಿ ಪ್ರತಿ ತಿಂಗಳು ಒಂದಿಷ್ಟು ಹಾಕುತ್ತ ಹೋಗುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ಇದನ್ನು ಒಪ್ಪದ ತಜ್ಞರೂ ಇದ್ದಾರೆ. ಇಎಸ್‌ಐ ಈ ಬಜೆಟ್ಟಿನ ಹೊರಗೆ ಇಡಿ, ಅದು ಕೂಲಿಯ ಲೆಕ್ಕ.

ಕೊನೆಗೆ ನಿಮ್ಮ ಬೀದಿಯ ಅಣ್ಣ. ಆವರೇಜ್ ಕಡಿತ ಹಾಕಿದ್ದು ತಪ್ಪಲ್ಲ, ಆದರೆ ಒಳಗೆ ₹30 ಲಕ್ಷದ ಮಾಲಿತ್ತು ಎಂಬ ಲೆಕ್ಕವೇ ತಪ್ಪಿರಬಹುದು. ಜಾಬ್‌ವರ್ಕ್ ಮಾಲನ್ನೂ ಅವರದೇ ಎಂದು ಸೇರಿಸಿ ಒಟ್ಟು ಮೊತ್ತ ಹಿಗ್ಗಿಸಿದ್ದರೆ ಕೊರತೆ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಉದಾಹರಣೆಗೆ ಅವರ ಸ್ವಂತದ್ದು ₹20 ಲಕ್ಷವೇ ಆಗಿದ್ದರೆ ಪಾಲು ಶೇ. 60 ಆಗುತ್ತದೆ, ಸುಟ್ಟದ್ದರಲ್ಲಿ ಅವರದ್ದೆಷ್ಟು ಎಂಬುದನ್ನೂ ಹೊಸದಾಗಿ ನೋಡಬೇಕಾಗುತ್ತದೆ. ಅದಕ್ಕೇ ಮೊದಲು ಸರ್ವೆ ವರದಿಯ ಪ್ರತಿ ಕೇಳಲಿ. ತಪ್ಪು ಕಂಡರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಲಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ವಿಮೆಯ ದೂರು ಬಗೆಹರಿಸುವ ಅಧಿಕಾರಿ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಒಬ್ಬರೇ ಮಾಲೀಕರಿರುವ ವ್ಯಾಪಾರ, ಅತಿಸಣ್ಣ ಉದ್ದಿಮೆಗಳ ದೂರೂ ಅವರು ನೋಡುತ್ತಾರೆ, ₹50 ಲಕ್ಷದವರೆಗೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ಐಆರ್‌ಡಿಎಐ ಸಹಾಯವಾಣಿ 155255. ಇನ್ನೇನೂ ಕೇಳುವುದಿಲ್ಲ ಎಂದು ಒಪ್ಪುವ 'ಫುಲ್ ಅಂಡ್ ಫೈನಲ್' ಕಾಗದಕ್ಕೆ ಸಹಿ ಹಾಕಿದ್ದರೆ ದಾರಿ ಕಠಿಣ, ಆದರೆ ಪೂರ್ತಿ ಮುಚ್ಚಿಲ್ಲ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಹೋಗಬೇಕು. ಆ ಪತ್ರ ಹುಡುಕಿ ತೆಗೆದು ತಾರೀಖು ನೋಡಿಕೊಳ್ಳಲು ಹೇಳಿ.